ಬೆರಳ ತುದಿಯ ತೊಂಬತ್ತೊಂದು

ಕೆಮ್ಮು ಬಂದರೆ ಹಾಸಿಗೆ ಹಿಡಿಯಬೇಕು, ಹಾಸಿಗೆ ಹಿಡಿದ ಮೇಲೆ ಹೆಂಡತಿಯ ಮಾತು ಕೇಳಬೇಕು. ಇಷ್ಟು ಸರಳವಾದ ಲೋಕಧರ್ಮವೂ ತನ್ನ ಗಂಡನಿಗೆ ತಿಳಿದಿಲ್ಲವಲ್ಲ ಎಂಬುದು ಗಡಿಯಾರದಮ್ಮನ ಕೊರಗು. ಜ್ವರ ಬಂದು ಬಿಟ್ಟು ವಾರವಾಗಿತ್ತು, ಕೆಮ್ಮು ಬಿಟ್ಟಿರಲಿಲ್ಲ. ಆದರೂ ಬೆಳಗಾದರೆ ಸಾಕು, ಅವರು ಮುಂದಿನ ಕೋಣೆಯ ರಿಪೇರಿ ಮೇಜಿಗೆ ಹೋಗಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಯಾರದೋ ಕೈಗಡಿಯಾರದ ಹೊಟ್ಟೆ ಬಿಚ್ಚಿ ಕೂರುತ್ತಿದ್ದರು. ಕೆಮ್ಮು ಬಂದರೂ ಅದಕ್ಕೆ ಸರದಿ ಕಾಯುವ ಶಿಕ್ಷೆ. ಚಕ್ರ ಜಾಗದಲ್ಲಿ ಕೂತ ಮೇಲೆಯೇ ಅದಕ್ಕೆ ಹೊರಬರಲು ಅಪ್ಪಣೆ.

ಐವತ್ತು ವರ್ಷ ಇದೇ ಕೆಲಸ. ಬೀದಿಯವರಿಗೆ ಅವರು ಗಡಿಯಾರದವರು. ಒಂದು ಮುಳ್ಳನ್ನೂ ಮುಟ್ಟದ ಆಕೆ, ಮದುವೆಯಾದ ಪಾಪಕ್ಕೆ, ಗಡಿಯಾರದಮ್ಮ.

ಆಕೆಯ ಭಯಕ್ಕೆ ಕಾರಣವಿತ್ತು. ಗಡಿಯಾರದವರ ಅಣ್ಣ ಹಿಂದಿನ ವರ್ಷ "ಸ್ವಲ್ಪ ಸುಸ್ತು, ಅಷ್ಟೇ" ಎಂದುಕೊಂಡೇ ಆಸ್ಪತ್ರೆಗೆ ನಡೆದು ಹೋದವರು, ನಡೆದು ವಾಪಸ್ಸು ಬರಲಿಲ್ಲ. ರಕ್ತದಲ್ಲಿ ಆಮ್ಲಜನಕ ದಿನದಿನಕ್ಕೂ ಇಳಿಯುತ್ತಿತ್ತಂತೆ, ಮನೆಯವರಿಗೆ ಗೊತ್ತೇ ಆಗಲಿಲ್ಲವಂತೆ. ಆ "ಗೊತ್ತೇ ಆಗಲಿಲ್ಲ" ಎಂಬ ಮಾತು ಗಡಿಯಾರದಮ್ಮನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ತನ್ನ ಮನೆಯಲ್ಲಿ ಹಾಗಾಗಬಾರದು. ಇಲ್ಲಿ ಎಲ್ಲವೂ ಗೊತ್ತಾಗಲೇಬೇಕು.

ಹಾಗಾಗಿ ಸೊಸೆಗೆ ಹೇಳಿ ಆಕ್ಸಿಮೀಟರ್ ತರಿಸಿದಳು. ಒಣಗಿದ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪಿನಂಥ ಪುಟ್ಟ ಯಂತ್ರ. ಬೆರಳ ತುದಿಗೆ ಕಚ್ಚಿಸಿದರೆ ಮೇಲೆ ಆಮ್ಲಜನಕದ ಅಂಕಿ, ಕೆಳಗೆ ನಾಡಿಯ ಅಂಕಿ. ಔಷಧಿ ಅಂಗಡಿಯವರು ಹೇಳಿ ಕಳಿಸಿದ್ದರು: ಮೇಲಿನದು ತೊಂಬತ್ತೈದರ ಮೇಲಿದ್ದರೆ ನಿಶ್ಚಿಂತೆ, ತೊಂಬತ್ತೆರಡರ ಕೆಳಗೆ ಎರಡು ಸಲ ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಮೊದಲು ಸೊಸೆ ಅಳೆದುಕೊಂಡಳು, ತೊಂಬತ್ತೊಂಬತ್ತು. ಗಡಿಯಾರದಮ್ಮ ಅಳೆದುಕೊಂಡಳು, ತೊಂಬತ್ತೆಂಟು. ಆಮೇಲೆ ಗಡಿಯಾರದವರನ್ನು ಮೇಜಿನಿಂದ ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಲಾಯಿತು.

"ಇದರೊಳಗೆ ಏನಿದೆ ಗೊತ್ತೇನು?" ಅವರು ಯಂತ್ರವನ್ನು ತಿರುಗಿಸಿ ನೋಡಿದರು. "ಒಂದು ಕಡೆಯಿಂದ ಬೆಳಕು ಬಿಡುತ್ತೆ, ಇನ್ನೊಂದು ಕಡೆ ಹಿಡಿಯುತ್ತೆ. ನಾನು ಒಂದು ಸಲ ಇಂಥದೇ ಬೆಳಕಿನ..."

"ಮಾತಾಡಬಾರದು," ಎಂದಳು ಗಡಿಯಾರದಮ್ಮ. "ಮಾತಾಡಿದ್ರೆ ಅಂಕಿ ತಪ್ಪುತ್ತೆ."

"ಹಾಗಂತ ಯಾರು ಹೇಳಿದ್ರು?"

"ನಾನು ಹೇಳ್ತಿದೀನಲ್ಲ. ಸುಮ್ಮನೆ ಅಂಕಿ ನೋಡ್ತಾ ಕೂತ್ಕೊಳ್ಳಿ."

(ಯಂತ್ರದ ಜೊತೆ ಬಂದ ಚೀಟಿಯಲ್ಲಿ ಈ ನಿಯಮ ಇರಲಿಲ್ಲ. ಆದರೆ ನಲವತ್ತನಾಲ್ಕು ವರ್ಷದಲ್ಲಿ ಗಂಡನ ಬಾಯಿ ಮುಚ್ಚಿಸಲು ಮೊದಲ ಸಲ ವೈದ್ಯಕೀಯ ನೆಪ ಸಿಕ್ಕಿರುವಾಗ ಚೀಟಿ ಓದುವವರು ಯಾರು?)

ಅವರು ಸುಮ್ಮನಾದರು. ಅಂಕಿ ಚಿಕ್ಕದಾಗಿ ಕಂಡದ್ದರಿಂದ ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡು ಬೆರಳಿನ ಮೇಲೆ ಬಗ್ಗಿದರು. ಗಡಿಯಾರದಮ್ಮ ಅವರ ಭುಜದ ಮೇಲಿಂದ ಬಗ್ಗಿದಳು. ತೊಂಬತ್ತೇಳು ಎಂದು ತೋರಿದ ಯಂತ್ರ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ತೊಂಬತ್ತಾರಾಯಿತು. ತೊಂಬತ್ನಾಲ್ಕಾಯಿತು. ಕೋಣೆಯ ಗೋಡೆಯಲ್ಲಿದ್ದ ಹದಿನಾಲ್ಕು ಗಡಿಯಾರಗಳು ಟಿಕ್ ಟಿಕ್ ಎನ್ನುತ್ತಿದ್ದವು. ತೊಂಬತ್ತೊಂದು.

"ಅತ್ತೆ, ಬೆರಳು ತಣ್ಣಗಿರಬಹುದು," ಎಂದಳು ಸೊಸೆ. ಅವಳ ದನಿ ಮಾತ್ರ ಹಾಗೆ ನಂಬಿರಲಿಲ್ಲ.

ಬೆರಳನ್ನು ತಿಕ್ಕಿ ಬಿಸಿ ಮಾಡಿದರು. ಸೋಪಿನಲ್ಲಿ ತೊಳೆದು ಗಡಿಯಾರದ ಎಣ್ಣೆ ತೆಗೆದರು. ಬೆರಳು ಬದಲಿಸಿದರು, ಕೈ ಬದಲಿಸಿದರು, ಕುರ್ಚಿಯನ್ನೂ ಬದಲಿಸಿದರು. ಗಡಿಯಾರದಮ್ಮ ರೇಡಿಯೋ ನಿಲ್ಲಿಸಿದಳು, ಕಿಟಕಿ ಮುಚ್ಚಿದಳು, ಬೀದಿಯಲ್ಲಿ ಕೂಗುತ್ತಿದ್ದ ತರಕಾರಿಯವನಿಗೆ ಮುಂದೆ ಹೋಗಲು ಕೈ ಮಾಡಿದಳು. ಮನೆಯಲ್ಲಿ ಪರೀಕ್ಷಾ ಕೊಠಡಿಯ ಮೌನ ನೆಲೆಸಿತು. ಯಂತ್ರ ತೊಂಬತ್ತಕ್ಕೆ ಇಳಿಯಿತು.

"ನನಗೇನೂ ಆಗಿಲ್ಲ ಕಣೇ," ಎಂದು ಅವರು ದೊಡ್ಡದಾಗಿ ಉಸಿರುಬಿಟ್ಟು ಕೆಮ್ಮಿದರು.

"ನಿಮ್ಮಣ್ಣನೂ ಇದನ್ನೇ ಹೇಳಿದ್ದು."

ಅವರು ಎದ್ದು ಹೋಗಿ, ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಗಡಿಯಾರಕ್ಕೆ ಬಟ್ಟೆ ಮುಚ್ಚಿದರು. ವಾದಕ್ಕೆ ನಿಲ್ಲದೆ ಕೆಲಸ ಮುಚ್ಚಿಟ್ಟ ಗಂಡನನ್ನು ಕಂಡು ಗಡಿಯಾರದಮ್ಮ ನಿಜವಾಗಿ ಹೆದರಿದ್ದು ಆಗಲೇ. ಒಂದು ಚೀಲಕ್ಕೆ ಅವರ ಎರಡು ಅಂಗಿ, ಟವೆಲು, ಹಲ್ಲುಜ್ಜುವ ಬ್ರಷ್ಷು ತುಂಬಿದಳು. ಮೂರನೆಯ ಅಂಗಿಯನ್ನು ಕೈಯಲ್ಲಿ ಹಿಡಿದು, ಇದನ್ನು ಹಾಕಿದರೆ ಹೆಚ್ಚು ದಿನ ಇರಬೇಕಾದೀತೇನೋ ಎಂದು ಹೆದರಿ ವಾಪಸ್ಸು ಬೀರುವಿನಲ್ಲಿ ಇಟ್ಟಳು. ಬೀರುವಿನ ಬಾಗಿಲಿಗೆ ಹಣೆ ಹಚ್ಚಿ, "ದೇವರೇ, ನಾನು ಅವರಿಗೆ ಅಂದದ್ದೆಲ್ಲ ಬಾಯಿಮಾತು. ಲೆಕ್ಕಕ್ಕೆ ಹಿಡೀಬೇಡ," ಎಂದು ಕೇಳಿಕೊಂಡಳು.

ಕಾರನ್ನು ಸೊಸೆ ಓಡಿಸಿದಳು. ಹಿಂದಿನ ಸೀಟಿನಲ್ಲಿ ದಂಪತಿ, ನಡುವೆ ಚೀಲ, ಬೆರಳಿನಲ್ಲಿ ಯಂತ್ರ.

"ಆ ಅಂಚೆಯವರ ಗಡಿಯಾರ ಇವತ್ತು ಕೊಡ್ತೀನಿ ಅಂದಿದ್ದೆ," ಎಂದರು ಅವರು.

"ಮಾತಾಡಿ ಉಸಿರು ಖರ್ಚು ಮಾಡಬೇಡಿ. ಇರೋದನ್ನ ಕೂಡಿಡಿ."

ಅವರು ವಿಧೇಯರಾಗಿ ಕೂಡಿಟ್ಟರು. ತುಟಿ ಬಿಗಿದು, ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡು ಅಂಕಿಯನ್ನೇ ನೋಡಿದರು. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಿತ್ತು. ಎದುರಿನ ಲಾರಿ ಅಲ್ಲಾಡುತ್ತಿರಲಿಲ್ಲ. ಗಡಿಯಾರದಮ್ಮನಿಗೆ ಲೋಕದಲ್ಲಿ ಆ ಒಂದು ಬೆರಳನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

"ಎಂಬತ್ತೊಂಬತ್ತು," ಎಂದಳು. "ಎಡಗಡೆಯಿಂದ ನುಗ್ಗಿಸು."

"ಅತ್ತೆ, ಎಡಗಡೆ ಗೋಡೆ ಇದೆ."

ಆಸ್ಪತ್ರೆಯಲ್ಲಿ ಅವರನ್ನು ತಳ್ಳುಕುರ್ಚಿಯಲ್ಲಿ ಕೂರಿಸಿ ಒಳಗೆ ಕರೆದೊಯ್ದರು. ಸುಮಾರು ನಲವತ್ತರ ನರ್ಸಮ್ಮ, ಅವಸರವಿಲ್ಲದ ಮುಖ, ತಮ್ಮ ಯಂತ್ರವನ್ನು ಗಡಿಯಾರದವರ ಬೆರಳಿಗೆ ಹಾಕಿ ವಿಚಾರಿಸಲು ತೊಡಗಿದರು. ಕೆಮ್ಮು ಎಷ್ಟು ದಿನದಿಂದ? ಕಫ ಬರುತ್ತಾ? ಮೆಟ್ಟಿಲು ಹತ್ತಿದರೆ ಏದುಸಿರಾ? ಗಡಿಯಾರದವರಿಗೆ ಒಂದು ಗಂಟೆಯ ನಂತರ ಬಾಯಿ ತೆರೆಯಲು ಸಿಕ್ಕ ಅವಕಾಶ. ಕೆಮ್ಮಿನಿಂದ ಆರಂಭಿಸಿ, ಧೂಳಿನ ಮೂಲಕ ಹಾದು, ಎದುರುಗೋಡೆಯ ಗಡಿಯಾರ ಮೂರು ನಿಮಿಷ ಹಿಂದಿದೆ, ಅದರ ಬ್ಯಾಟರಿಯಲ್ಲ, ಚಕ್ರದ ಹಲ್ಲು ಸವೆದಿದೆ ಎಂಬಲ್ಲಿಗೆ ತಲುಪಿದರು.

"ತೊಂಬತ್ತೆಂಟು," ಎಂದು ನರ್ಸಮ್ಮ ಬರೆದುಕೊಂಡರು.

"ಸಾಧ್ಯವಿಲ್ಲ," ಎಂದಳು ಗಡಿಯಾರದಮ್ಮ. "ನಿಮ್ಮ ಮಿಷನ್ನು ಕೆಟ್ಟಿದೆ."

(ಗಂಡನ ರಕ್ತ ಚೆನ್ನಾಗಿದೆ ಎಂದವರೊಡನೆ ಜಗಳಕ್ಕೆ ನಿಂತ ಹೆಂಡತಿಯನ್ನು ಆ ಕೋಣೆ ಅದಕ್ಕೆ ಮುಂಚೆ ಕಂಡಿರಲಿಕ್ಕಿಲ್ಲ.)

ನರ್ಸಮ್ಮ ಬೇಸರಿಸಲಿಲ್ಲ. ಮನೆಯ ಯಂತ್ರವನ್ನು ತೆಗೆದು ತಮ್ಮ ಬೆರಳಿಗೇ ಹಾಕಿ ನೋಡಿದರು, ಸರಿಯಾಗಿತ್ತು. "ಇದನ್ನೇ ಅವರಿಗೆ ಹಾಕಿ. ಮನೇಲಿ ಹೇಗೆ ನೋಡ್ತೀರೋ ಹಾಗೇ ನೋಡಿ."

ಗಡಿಯಾರದಮ್ಮ ಕ್ಲಿಪ್ಪು ಸಿಕ್ಕಿಸಿದಳು. "ಈಗ ಬಾಯಿ ಮುಚ್ಚಿ, ಮಾತಾಡಿದ್ರೆ ಅಂಕಿ ತಪ್ಪುತ್ತೆ. ಅಂಕಿ ನೋಡಿ."

ಅವರು ಬಾಯಿ ಮುಚ್ಚಿದರು. ಜೇಬಿನಿಂದ ಭೂತಗನ್ನಡಿ ಬಂತು. ಬೆನ್ನು ಬಾಗಿತು. ತೊಂಬತ್ತೆಂಟು. ತೊಂಬತ್ತೆಂಟು. ತೊಂಬತ್ತೇಳು. ಗಡಿಯಾರದಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದಳು. ತೊಂಬತ್ತೈದು. ತೊಂಬತ್ಮೂರು.

"ನೋಡಿದ್ರಾ?" ಅವಳು ನರ್ಸಮ್ಮನ ತೋಳು ಹಿಡಿದೆಳೆದಳು. "ನೋಡಿ, ಹೋಗ್ತಿದೆ."

ನರ್ಸಮ್ಮ ಅಂಕಿಯನ್ನು ನೋಡುತ್ತಿರಲಿಲ್ಲ. ಅವರು ನೋಡುತ್ತಿದ್ದುದು ಗಡಿಯಾರದವರ ಎದೆಯನ್ನು.

"ಅಮ್ಮ, ಇವರು ಉಸಿರಾಡ್ತಾನೇ ಇಲ್ಲ."

ಗಡಿಯಾರದಮ್ಮನಿಗೆ ಕೋಣೆ ಒಂದು ಸುತ್ತು ತಿರುಗಿತು. ಸೊಸೆ ಬಂದು ಹಿಂದಿನಿಂದ ಹಿಡಿದುಕೊಂಡಳು. ಅಷ್ಟರಲ್ಲಿ ನರ್ಸಮ್ಮ ಗಡಿಯಾರದವರ ಬೆನ್ನು ತಟ್ಟಿ, "ಯಜಮಾನ್ರೇ, ಉಸಿರು ಬಿಡಿ," ಎಂದರು.

ಗಡಿಯಾರದವರು ಕಣ್ಣೆತ್ತದೆ, ತುಟಿಯ ಒಂದು ಮೂಲೆಯಿಂದ ಹೇಳಿದರು: "ಬಿಟ್ರೆ ಅಲ್ಲಾಡುತ್ತಲ್ಲಮ್ಮ."

"ಏನು ಅಲ್ಲಾಡುತ್ತೆ?"

ಅವರು ಭೂತಗನ್ನಡಿ ತೆಗೆದು, ದೀರ್ಘವಾಗಿ ಉಸಿರುಬಿಟ್ಟು, ಬೆರಳನ್ನು ನೋಡಿದರು. ಏನು ಅಲ್ಲಾಡುತ್ತದೆ ಎಂದು ಅವರಿಗೂ ತಿಳಿಯಲಿಲ್ಲ. ಐವತ್ತು ವರ್ಷದಿಂದ ಅವರ ಕಣ್ಣೆದುರು ಬಂದ ಪುಟ್ಟ ವಸ್ತುವೆಲ್ಲ ಕೂದಲೆಳೆಯಂಥ ಸ್ಪ್ರಿಂಗು, ಸಾಸಿವೆಯಂಥ ಸ್ಕ್ರೂ. ಮೂಗಿನ ಗಾಳಿ ತಗುಲಿದರೆ ಹಾರಿ ಹೋಗುತ್ತಿತ್ತು, ಆಮೇಲೆ ಮನೆಮಂದಿಯೆಲ್ಲ ನೆಲ ಗುಡಿಸಿ ಹುಡುಕಬೇಕಿತ್ತು. ಹಾಗಾಗಿ ಗಾಜು ಕಣ್ಣಿಗೆ ಬಂತೆಂದರೆ ಉಸಿರು ತಾನಾಗಿಯೇ ನಿಲ್ಲುತ್ತಿತ್ತು. ಒಂದು ನಿಮಿಷ, ಒಂದೂಕಾಲು ನಿಮಿಷ. ಅವರಿಗೆ ಅದರ ಅರಿವಾದದ್ದೇ ಈಗ.

ಅವರು ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಯಂತ್ರ ತೊಂಬತ್ತೆಂಟಕ್ಕೆ ಮರಳಿತ್ತು.

"ಮಾತಾಡಿದ್ರೆ ಅಂಕಿ ತಪ್ಪುತ್ತೆ ಅಂತ ಯಾರು ಹೇಳಿದ್ದು ನಿಮಗೆ?" ಎಂದು ನರ್ಸಮ್ಮ ಕೇಳಿದರು.

ಗಡಿಯಾರದವರು ಹೆಂಡತಿಯನ್ನು ನೋಡಿದರು. ಸೊಸೆ ಅತ್ತೆಯನ್ನು ನೋಡಿದಳು. ಗಡಿಯಾರದಮ್ಮ ಗೋಡೆಯ ಗಡಿಯಾರವನ್ನು ನೋಡಿದಳು. ಹೌದು, ಮೂರು ನಿಮಿಷ ಹಿಂದೆಯೇ ಇತ್ತು.

ವೈದ್ಯರು ಬಂದು ಎದೆ, ಬೆನ್ನು ಪರೀಕ್ಷಿಸಿ, ಒಂದು ಎಕ್ಸರೇ ತೆಗೆಸಿ, ಶ್ವಾಸಕೋಶ ಸ್ವಚ್ಛವಾಗಿದೆ, ಜ್ವರದ ನಂತರದ ಕೆಮ್ಮು, ಹತ್ತು ದಿನದಲ್ಲಿ ಹೋಗುತ್ತದೆ ಎಂದರು. ಗಡಿಯಾರದಮ್ಮ ಮೂಲೆಗೆ ತಿರುಗಿ ಕಣ್ಣೊರೆಸಿಕೊಂಡಳು. ಗಂಡನ ತೋಳು ಹಿಡಿದು, ಈ ಮನುಷ್ಯನಿಗೆ ಇನ್ನು ಜನ್ಮದಲ್ಲಿ ಗದರುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದಳು. ಹೊರಡುವಾಗ ನರ್ಸಮ್ಮ ಔಷಧಿ ಚೀಟಿಯ ಕೆಳಗೆ ಒಂದು ಸಾಲು ಬರೆದುಕೊಟ್ಟರು: ದಿನಕ್ಕೆ ಎರಡು ಸಲ, ಐದೈದು ನಿಮಿಷ, ಕೂತು ಅಳೆಯುವುದು. ಅಳೆಯುವಾಗ ರೋಗಿ ಅಂಕಿ ನೋಡಬಾರದು, ಮಾತಾಡುತ್ತಿರಬೇಕು. ಮನೆಯವರು ತಡೆಯಬಾರದು.

ಆ ಚೀಟಿಯನ್ನು ಗಡಿಯಾರದವರು ಭೂತಗನ್ನಡಿ ಹಾಕಿ ಎರಡು ಸಲ ಓದಿದರು. ಮನೆಗೆ ಬಂದು ರಿಪೇರಿ ಮೇಜಿನ ಮೇಲಿನ ಗೋಡೆಗೆ ಅಂಟಿಸಿದರು.

ಮರುದಿನ ಬೆಳಿಗ್ಗೆ ಅವರೇ ಕುರ್ಚಿ ಎಳೆದು ಕುಳಿತು ಬೆರಳು ಚಾಚಿದರು. ಎದುರಿನ ಸ್ಟೂಲು ಹೆಂಡತಿಗೆ. ಮದುವೆಯಾದ ವರ್ಷ ಕೈಗೆ ಬಂದ ಒಂದು ಜೇಬುಗಡಿಯಾರದ ಕಥೆ ಆರಂಭವಾಯಿತು. ಅದರ ಮೊದಲ ಚಕ್ರಕ್ಕೆ ಎಷ್ಟು ಹಲ್ಲು, ಎರಡನೆಯದಕ್ಕೆ ಎಷ್ಟು, ಎರಡನೆಯದನ್ನು ಮೊದಲು ಕೆಡಿಸಿದವನು ಯಾರು, ಅವನ ಸೋದರಮಾವ ಯಾರು. ಯಂತ್ರ ತೊಂಬತ್ತೆಂಟರಲ್ಲಿ ಕಂಬದಂತೆ ನಿಂತಿತ್ತು. ಐದು ನಿಮಿಷವಾಯಿತು. ಹತ್ತಾಯಿತು.

"ಮಾವ, ಅಂಕಿ ಬಂತಲ್ಲ," ಎಂದಳು ಕೆಲಸಕ್ಕೆ ಹೊರಟು ಬಾಗಿಲಲ್ಲಿ ನಿಂತಿದ್ದ ಸೊಸೆ.

"ಅಂಕಿ ಬಂತಮ್ಮ. ಮೂರನೇ ಚಕ್ರ ಬಂದಿಲ್ಲ."

ಗಡಿಯಾರದಮ್ಮ ಬಾಯಿ ತೆರೆದಳು. ಶಪಥ ನೆನಪಾಯಿತು, ಮುಚ್ಚಿದಳು. ಸ್ಟೂಲಿನ ಮೇಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳಿದಳು. ಇಪ್ಪತ್ತನೆಯ ನಿಮಿಷಕ್ಕೆ ಅವಳ ಮುಖದ ಬಣ್ಣ ಕಂಡು ಗಡಿಯಾರದವರಿಗೇ ಗಾಬರಿಯಾಗಿ, ಯಂತ್ರವನ್ನು ತಮ್ಮ ಬೆರಳಿನಿಂದ ಬಿಚ್ಚಿ ಅವಳ ಬೆರಳಿಗೆ ಸಿಕ್ಕಿಸಿದರು. ಮೇಲಿನ ಅಂಕಿ ತೊಂಬತ್ತೇಳು, ಸರಿಯಾಗಿತ್ತು. ಕೆಳಗಿನ ನಾಡಿ ನೂರ ಹದಿನೆಂಟು.

"ನಾಡಿ ಹೀಗೆ ಓಡಬಾರದು ಕಣೇ," ಎಂದು ಅವರು ನಿಜವಾದ ಕಾಳಜಿಯಿಂದ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. "ಇನ್ಮೇಲೆ ದಿನಾ ನಿನ್ನದೂ ಅಳೆಯೋಣ. ನೀನು ಸುಮ್ಮನೆ ಉಸಿರಾಡ್ತಾ ಇರು, ಮಾತು ನಾನು ನೋಡ್ಕೋತೀನಿ."