ಗಾಡಿಮನೆಯ ಕಪಾಟುಗಳ ಜೀರ್ಣೋದ್ಧಾರ

ಮೂವತ್ತೊಂದು ವರ್ಷ ರೇಖಾಗಣಿತ ಪಾಠ ಮಾಡಿದ ಮನುಷ್ಯನಿಗೆ ಕಪಾಟಿನ ನಾಲ್ಕು ಹಲಗೆ ನೆಟ್ಟಗೆ ಕೂರಿಸಲು ಬರುವುದಿಲ್ಲ ಎಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಮೇಷ್ಟ್ರಿಗಂತೂ ಬಂತು. ಅದೂ ಈ ಮಾತನ್ನು ಆಡಿದವಳು ಕಟ್ಟಿಕೊಂಡ ಹೆಂಡತಿ. ಆಡಿದ್ದು ಅವಳ ತಮ್ಮನ ಎದುರಿಗೆ. ಆ ತಮ್ಮನೋ ಹುಟ್ಟಾ ಬಡಗಿ. ಗಾಯವೂ ಆಯಿತು, ಉಪ್ಪೂ ಬಿತ್ತು.

ಜಗಳದ ಮೂಲ ಅಂಗಳದಲ್ಲೇ ನಿಂತಿತ್ತು. ನಿವೃತ್ತರಾದ ಮೇಲೆ ಕೆಲವರು ಗಿಡ ಹಚ್ಚಿಕೊಳ್ಳುತ್ತಾರೆ, ಕೆಲವರು ನೆರೆಹೊರೆಯವರ ತಲೆ ತಿನ್ನುತ್ತಾರೆ. ಮೇಷ್ಟ್ರು ಒಂದು ಮನೆಯನ್ನೇ ತಂದು ಕಾರಿನ ಬಾಲಕ್ಕೆ ಕಟ್ಟಿಕೊಂಡರು. ಎರಡು ಚಕ್ರ, ತಗಡಿನ ಗೋಡೆ, ಒಳಗೊಂದು ಮಂಚ, ಒಂದು ಒಲೆ, ಕೈ ತೊಳೆಯಲು ಅಂಗೈಯಗಲದ ಒಂದು ಸಿಂಕು, ಎಡಗೋಡೆಗೆ ಎರಡು ಬಲಗೋಡೆಗೆ ಎರಡು ತೂಗುಕಪಾಟು. ಯಾರೋ ಹತ್ತು ವರ್ಷ ಎಳೆದಾಡಿ ಬಿಟ್ಟ ಗಾಡಿಮನೆ. ಮೇಷ್ಟ್ರ ಕಣ್ಣಿಗೆ ಮಾತ್ರ ಅದು ಅರಮನೆ. ಅದರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಸಮುದ್ರದ ದಡಕ್ಕೆ ಹೋಗಿ, ಬಾಗಿಲಲ್ಲಿ ಕುಳಿತು ಚಹಾ ಕುಡಿಯಬೇಕೆಂಬುದು ಅವರ ಜೀವಮಾನದ ಆಸೆ. (ಜೀವಮಾನದ್ದೆಂದು ಅವರು ಹೇಳುವುದು. ಹೆಂಡತಿಯ ಲೆಕ್ಕದಲ್ಲಿ ಕಳೆದ ಬೇಸಿಗೆಯದು.)

ಮೊದಲ ಪ್ರಯಾಣ ಬೀದಿಯ ಕೊನೆಯ ರಸ್ತೆಯುಬ್ಬಿನ ತನಕ ಸುಸೂತ್ರವಾಗಿ ನಡೆಯಿತು. ಉಬ್ಬು ದಾಟಿದ ಕೂಡಲೇ ಹಿಂದೆ ಧಡ್ ಎಂದಿತು. ಇಳಿದು ನೋಡಿದರೆ ಒಲೆಯ ಮೇಲಿನ ಕಪಾಟು ಬಾಗಿಲನ್ನೂ ತೆರೆಯದೆ, ಹೊಟ್ಟೆಯಲ್ಲಿದ್ದ ಪಾತ್ರೆಪಡಗದ ಸಮೇತ ನೆಲಕ್ಕೆ ಬಂದು ಮಲಗಿತ್ತು. ಗಾಡಿ ಕಟ್ಟಿದ ಪುಣ್ಯಾತ್ಮ ರಟ್ಟಿನಂಥ ಹಲಗೆಗೆ ಪುಸ್ತಕಕ್ಕೆ ಹೊಡೆಯುವಂಥ ಪಿನ್ನು ಹೊಡೆದು ಕೈ ತೊಳೆದುಕೊಂಡಿದ್ದ.

"ಪಿಂಗಾಣಿ ತಟ್ಟೆ ಎಲ್ಲಾ ಪುಡಿಪುಡಿ," ಎಂದಳು ಹೆಂಡತಿ. "ರೀ, ನಾನು ಇನ್ನೊಂದೇ ಒಂದು ಸಲ ಈ ಡಬ್ಬಿ ಹತ್ತೋದು. ನಮ್ಮಮ್ಮ ಕೊಟ್ಟ ಆರು ಕಪ್ಪು ಇಡ್ತೀನಿ. ಕೆರೆ ತನಕ ಹೋಗೋಣ. ಆರೂ ಉಳಿದ್ರೆ ಸಮುದ್ರಕ್ಕೂ ಬರ್ತೀನಿ. ಒಂದು ಒಡೆದ್ರೂ ಸರಿ, ಗಾಡಿ ಮಾರಿಬಿಡ್ಬೇಕು."

"ಆಯ್ತು ಕಣೇ, ಮಾತು ಅಂದ್ರೆ ಮಾತು," ಎಂದರು ಮೇಷ್ಟ್ರು. ಆ ಕಪ್ಪುಗಳನ್ನು ಮನೆಯ ಅಲಮಾರಿಯಿಂದ ತೆಗೆಯುವಾಗಲೇ ಆಕೆ ಉಸಿರು ಬಿಗಿಹಿಡಿಯುತ್ತಿದ್ದಳು.

"ಭಾವ, ಭಾನುವಾರ ನಾನು ಬಂದು ಮಾಡ್ಕೊಡ್ತೀನಿ ಬಿಡಿ. ಅರ್ಧ ದಿನದ ಕೆಲಸ," ಎಂದ ಭಾಮೈದ.

"ಬೇಕಾಗಿಲ್ಲಪ್ಪ. ಲಂಬ ಅಂದ್ರೇನು, ಸಮಾಂತರ ಅಂದ್ರೇನು ಅಂತ ಊರಿಗೆಲ್ಲ ಹೇಳ್ಕೊಟ್ಟೋನು ನಾನು."

ಹೆಂಡತಿ ಆ ಮೊದಲಿನ ಮಾತನ್ನು ಆಡಿದ್ದು ಆಗಲೇ.

ಮರುದಿನದಿಂದ ಮೇಷ್ಟ್ರು ಗಾಡಿಮನೆಯೊಳಗೆ ಬಿಡಾರ ಹೂಡಿದರು. ಕೆಲಸ ಮಾತ್ರ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ. ಪಿನ್ನುಗಳನ್ನೆಲ್ಲ ಇಕ್ಕಳದಿಂದ ಕಿತ್ತರು. ತಗಡಿನ ಹಿಂದೆ ಮರದ ಪಟ್ಟಿ ಎಲ್ಲಿದೆಯೆಂದು ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು, ಪೆನ್ಸಿಲಿನಲ್ಲಿ ಗುರುತು ಹಾಕಿದರು. ಆ ಗುರುತಿಗೇ ಬೆರಳುದ್ದದ ಸ್ಕ್ರೂ ತಿರುಗಿಸಿದರು. ಮೂಲೆಮೂಲೆಗೆ ಕಬ್ಬಿಣದ ಕೋನಪಟ್ಟಿ ಜಡಿದು, ಸಂದುಗಳಿಗೆ ಅಂಟು ಬಳಿದು, ರಟ್ಟಿನ ಹಲಗೆ ಬಿಸಾಕಿ ದಪ್ಪ ಪ್ಲೈವುಡ್ಡು ಕೊಯ್ದು ತಂದರು. ಬಾಗಿಲಿಗೆ ಹೊಸ ಚಿಲಕ. ಆಮೇಲೆ ಒಬ್ಬರೇ ಕಪಾಟಿಗೆ ಜೋತುಬಿದ್ದು ನೋಡಿದರು. ಕಪಾಟು ಜಪ್ಪಯ್ಯ ಎನ್ನಲಿಲ್ಲ. ಸೊಂಟ ಅಂದಿತು.

ಹಲಗೆ ಕೂರಿಸುವ ಘಟ್ಟ ಬಂದಾಗ ಮೇಷ್ಟ್ರು ಪೆಟ್ಟಿಗೆಯಿಂದ ರಸಮಟ್ಟ ತೆಗೆದರು. ಗಾಜಿನ ನಳಿಗೆಯೊಳಗೆ ಒಂದು ಗುಳ್ಳೆ. ಗುಳ್ಳೆ ನಡುವೆ ನಿಂತರೆ ಹಲಗೆ ಮಟ್ಟಸ. ಶಾಲೆಯವರು ಬೀಳ್ಕೊಡುಗೆಯಲ್ಲಿ ಕೊಟ್ಟ ಈ ಉಪಕರಣವನ್ನು ಅವರು ಮನೆಯಲ್ಲಿ ಗೋಡೆಗೆ ಹಾಕಿದ ಫೋಟೋಗಳಿಗೆಲ್ಲ ಹಿಡಿದು ನೋಡಿಯಾಗಿತ್ತು. (ಒಮ್ಮೆ ಮಲಗಿದ್ದ ಹೆಂಡತಿಯ ದಿಂಬಿಗೂ ಹಿಡಿದು ಬೈಸಿಕೊಂಡಿದ್ದರು.) ಲೋಕದಲ್ಲಿ ಯಾರು ಸುಳ್ಳು ಹೇಳಿದರೂ ಗುಳ್ಳೆ ಸುಳ್ಳು ಹೇಳುವುದಿಲ್ಲ ಎಂಬುದು ಅವರ ನಂಬಿಕೆ.

ಗಾಡಿ ನಿಂತಿದ್ದ ಜಾಗದ ವಿಷಯ ಇಲ್ಲಿ ಹೇಳಲೇಬೇಕು. ಒಂದು ಕಡೆ ಮನೆಯ ಮೆಟ್ಟಿಲು, ಇನ್ನೊಂದು ಕಡೆ ಗೇಟು, ನಡುವೆ ಅಡ್ಡಡ್ಡಲಾಗಿ ಗಾಡಿ; ಎಡಗೋಡೆ ಮನೆಯ ಕಡೆಗೆ, ಬಲಗೋಡೆ ಗೇಟಿನ ಕಡೆಗೆ. ಹೆಂಡತಿ ದಿನಾ ಬೆಳಿಗ್ಗೆ ಮೆಟ್ಟಿಲ ಬಳಿ ಎರಡು ಬಕೆಟ್ ನೀರು ಸುರಿದು ಅಂಗಳ ತೊಳೆಯುತ್ತಿದ್ದಳು. ನೀರು ಗಾಡಿಯ ಅಡಿಯಲ್ಲಿ ನುಸುಳಿ, ಮೇಷ್ಟ್ರ ಚಪ್ಪಲಿ, ಕೊಯ್ದಿಟ್ಟ ಮರದ ಪಟ್ಟಿ, ಸ್ಕ್ರೂ ಪೊಟ್ಟಣ ಎಲ್ಲವನ್ನೂ ನೆನೆಸಿಕೊಂಡು ಗೇಟಿನಾಚೆ ಹೋಗುತ್ತಿತ್ತು.

"ಏ ಇವಳೇ! ನಾನು ಕೆಲಸ ಮಾಡೋ ಹೊತ್ತಿಗೇ ನಿನಗೆ ನೀರು ಸುರೀಬೇಕಾ?"

"ಇಪ್ಪತ್ತು ವರ್ಷದಿಂದ ಇದೇ ಹೊತ್ತಿಗೆ ಸುರೀತಿದೀನಿ. ನೀರು ಇದೇ ದಾರೀಲಿ ಹೋಗ್ತಿದೆ. ಮಧ್ಯ ಬಂದು ನಿಂತೋರು ನೀವು."

ಹಲಗೆಗಳು ಕೂತವು. ಗುಳ್ಳೆ ನಾಲ್ಕಕ್ಕೆ ನಾಲ್ಕರಲ್ಲೂ ನಟ್ಟನಡುವೆ ನಿಂತಿತು. ಆದರೆ ಒಂದು ವಿಚಿತ್ರ ಕಂಡಿತು. ಎಡಗೋಡೆಯ ಕಪಾಟುಗಳಲ್ಲಿ ಹಲಗೆಯ ಮುಂದಿನ ಅಂಚು ಚೌಕಟ್ಟಿಗಿಂತ ಒಂದು ಬೆರಳು ಮೇಲಿತ್ತು. ಬಲಗೋಡೆಯಲ್ಲಿ ಒಂದು ಬೆರಳು ಕೆಳಗಿತ್ತು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ನಿರ್ಣಯಕ್ಕೆ ಬಂದರು.

"ನೋಡೇ, ಇದನ್ನ ಕಟ್ಟಿದೋನಿಗೆ ನೆಟ್ಟಗೆ ಅಂದ್ರೇನು ಅಂತಾನೇ ಗೊತ್ತಿಲ್ಲ. ಇಡೀ ಗಾಡೀನೇ ಸೊಟ್ಟ! ನನ್ನ ಹಲಗೆ ನಾಲ್ಕೇ ನೆಟ್ಟಗಿರೋದು."

ಚಹಾ ತಂದಿದ್ದ ಹೆಂಡತಿ ಗುಳ್ಳೆ ನೋಡಿದಳು. ಹಲಗೆ ನೋಡಿದಳು. ಬಾಗಿಲಿಂದ ಕತ್ತು ಚಾಚಿ, ಗೇಟಿನ ಕಡೆ ಹರಿಯುತ್ತಿದ್ದ ನೀರನ್ನೂ ನೋಡಿದಳು. "ಅಲ್ಲಾ ರೀ..." ಎಂದು ಬಾಯಿ ತೆರೆದಳು.

"ನೀನು ಚಹಾ ನೋಡ್ಕೋ. ಕೋನ ನನಗೆ ಬಿಡು."

ಆಕೆ ಕೋನವನ್ನು ಅವರಿಗೇ ಬಿಟ್ಟು ಒಳಗೆ ಹೋದಳು.

ಭಾನುವಾರ ಪರೀಕ್ಷೆ. ಸಾಮಾನು ಜೋಡಿಸುವ ಕೆಲಸವನ್ನು ಹೆಂಡತಿ ಯಾರಿಗೂ ಬಿಟ್ಟುಕೊಡಲಿಲ್ಲ. ಆರು ಕಪ್ಪು ಎಡಗಡೆ. ಮೇಷ್ಟ್ರ ಹತಾರಗಳು, ಕ್ಷೌರದ ಸಾಮಾನು, ಸ್ಟೀಲ್ ತಟ್ಟೆಗಳು, ಸಕ್ಕರೆ ಡಬ್ಬ, ಓದಲೆಂದು ಇಟ್ಟುಕೊಂಡ ನಾಲ್ಕು ದಪ್ಪ ಪುಸ್ತಕ ಎಲ್ಲ ಬಲಗಡೆ. ಕೇಳಿದ್ದಕ್ಕೆ, "ತೂಕ ಸರಿಹೋಗ್ಲಿ ಅಂತ," ಎಂದಳು. ಭಾಮೈದ ಪಂಚನಾಗಿ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತ.

ಕೆರೆಯ ತನಕ ಹನ್ನೊಂದು ಉಬ್ಬು. ಪ್ರತಿ ಉಬ್ಬಿಗೂ ಮೇಷ್ಟ್ರ ಪ್ರಾಣ ಬಾಯಿಗೆ ಬಂದು ಹಿಂದೆ ಹೋಗುತ್ತಿತ್ತು. ಧಡ್ ಎನ್ನುವ ಸದ್ದು ಬರಲಿಲ್ಲ. ಐದನೆಯ ಉಬ್ಬಿನ ನಂತರ ಏನೋ ಸರಸರ ಜಾರಿದ ಸದ್ದು ಕೇಳಿಸಿತು. ಮೇಷ್ಟ್ರು ಜೋರಾಗಿ ಕೆಮ್ಮಿದರು.

ಕೆರೆಯ ಪಕ್ಕದ ಬಯಲು ಕೇರಂ ಬೋರ್ಡಿನಷ್ಟು ಸಪಾಟಾಗಿತ್ತು. ಮೂವರೂ ಗಾಡಿಯೊಳಗೆ ಹೋದರು. ನಾಲ್ಕು ಕಪಾಟೂ ಗೋಡೆ ಬಿಟ್ಟು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಮೇಷ್ಟ್ರು ಎಡಗಡೆಯ ಚಿಲಕ ತೆಗೆದರು. ಆರು ಕಪ್ಪುಗಳೂ ಹಿಂದಿನ ಗೋಡೆಗೆ ಒರಗಿ ನಿಶ್ಚಿಂತೆಯಿಂದ ಕುಳಿತಿದ್ದವು. ಸೀಳಿಲ್ಲ, ಗೀರಿಲ್ಲ. ಮೇಷ್ಟ್ರಿಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ಗಾಡಿ ಉಳಿಯಿತು.

ಅಲ್ಲಿಗೇ ನಿಲ್ಲಿಸಿದ್ದರೆ ಮಾನವೂ ಉಳಿಯುತ್ತಿತ್ತು. ಅವರು ಎದೆಯುಬ್ಬಿಸಿ ಬಲಗಡೆಗೆ ತಿರುಗಿದರು. "ಶಾಸ್ತ್ರ ಗೊತ್ತಿದ್ದೋನು ಕೈ ಇಟ್ರೆ ಹೀಗಿರತ್ತೆ ನೋಡಿ," ಎನ್ನುತ್ತಾ ಎರಡೂ ಬಾಗಿಲನ್ನು ಒಟ್ಟಿಗೆ ತೆರೆದರು.

ಮೊದಲು ಬಂದದ್ದು ಪುಸ್ತಕಗಳು. ಆಮೇಲೆ ತಟ್ಟೆಗಳು, ಸುತ್ತಿಗೆ, ಸ್ಕ್ರೂ ಪೊಟ್ಟಣ. ಸಕ್ಕರೆ ಡಬ್ಬ ಮುಚ್ಚಳ ಕಳಚಿ ನೆತ್ತಿಯ ಮೇಲೆ ಅಭಿಷೇಕ ಮಾಡಿತು. ಎಲ್ಲ ಮುಗಿಯಿತೆಂದು ಮೇಷ್ಟ್ರು ಕಣ್ಣು ಬಿಟ್ಟಾಗ ರಸಮಟ್ಟವೂ ನಿಧಾನವಾಗಿ ಜಾರಿ ಬಂದು ಹೆಬ್ಬೆರಳ ಮೇಲೆ ಬಿತ್ತು.

ಭಾಮೈದ ನಗಲಿಲ್ಲ. (ಪಾಪ, ಒಳ್ಳೆಯವನು.) ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಎಡಗಡೆಯ ಹಲಗೆಯ ಮೇಲಿಟ್ಟ. ಅದು ತಾನಾಗಿ ಉರುಳಿ ಗೋಡೆಗೆ ತಾಗಿತು. ಅವನ ಹುಬ್ಬು ಮೇಲೇರಿತು.

"ಭಾವ! ಈ ಕಡೆ ಒಳಕ್ಕೆ ವಾಟ ಕೊಟ್ಟಿದೀರಲ್ಲ! ಓಡಾಡೋ ಗಾಡಿಗೆ ಹೀಗೇ ಮಾಡ್ಬೇಕು. ಇಳಿಜಾರು ಹಿಂದಕ್ಕಿದ್ರೆ ಸಾಮಾನು ಮುಂದಕ್ಕೆ ಬರೋದೇ ಇಲ್ಲ. ನನಗೂ ಹೊಳೀತಿರ್ಲಿಲ್ಲ."

ಮೇಷ್ಟ್ರು ಹುಬ್ಬಿನ ಸಕ್ಕರೆ ಒರೆಸಿಕೊಂಡು ಸಾವರಿಸಿಕೊಂಡರು. "ಹೌದು ಮತ್ತೆ! ಬೇಕಂತಲೇ ಕೊಟ್ಟಿದ್ದು. ಆ ಕಡೇದು... ಇನ್ನೂ ಮುಗಿದಿಲ್ಲ."

"ಎಷ್ಟು ಡಿಗ್ರಿ ಕೊಟ್ರಿ ಭಾವ?"

ಮೇಷ್ಟ್ರು ಚಾವಣಿ ನೋಡಿದರು. ಉತ್ತರ ಬಂದದ್ದು ನೆಲದ ಮೇಲೆ ತಟ್ಟೆ ಆಯುತ್ತಿದ್ದ ಹೆಂಡತಿಯಿಂದ.

"ನಮ್ಮ ಅಂಗಳಕ್ಕೆ ಎಷ್ಟಿದೆಯೋ ಅಷ್ಟು."

ಮೇಷ್ಟ್ರ ತಲೆಯಲ್ಲಿ ಅಂಗಳ ಹಾದುಹೋಯಿತು, ಬಕೆಟ್ ಹಾದುಹೋಯಿತು, ದಿನಾ ನೆನೆದ ಚಪ್ಪಲಿ ಹಾದುಹೋಯಿತು. ಗಾಡಿ ಸೊಟ್ಟಗಿರಲಿಲ್ಲ. ನಿಂತ ನೆಲ ಇಳಿಜಾರಾಗಿತ್ತು.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ಕೋನ ನಿಮಗೆ ಬಿಟ್ಟಿದ್ದೆನಲ್ಲ."

"ಮತ್ತೆ ಕಪ್ಪು ಯಾಕೆ ಎಡಗಡೆಗೇ ಇಟ್ಟೆ?"

"ಬಲಗಡೆ ಇಟ್ಟಿದ್ರೆ ಗಾಡಿ ಮಾರ್ಬೇಕಿತ್ತಲ್ರೀ!" ಎಂದಳು ಆಕೆ, ಅವರ ಕಾಲರಿನೊಳಗಿನ ಸಕ್ಕರೆ ಕೊಡವುತ್ತಾ. "ನಾನೂ ಸಮುದ್ರ ನೋಡೋದು ಬೇಡ್ವಾ? ಈಗ ಇನ್ನೊಂದು ಕಡೆಗೇನು ಮಹಾ. ಮನೆಗೆ ಹೋದ್ಮೇಲೆ ಗಾಡಿ ಮೂತಿ ತಿರುಗಿಸಿ ನಿಲ್ಲಿಸಿ. ಬಲಗೋಡೆ ಮೆಟ್ಟಿಲ ಕಡೆ ಬರತ್ತೆ. ಆಗ ಆ ಎರಡು ಕಪಾಟಿನ ಹಲಗೆ ಕಿತ್ತು, ನಿಮ್ಮ ಗುಳ್ಳೆ ನೋಡ್ಕೊಂಡೇ ಕೂರಿಸಿ. ಅದಕ್ಕೂ ಒಳಕ್ಕೇ ವಾಟ ಬರತ್ತೆ."

ಮೇಷ್ಟ್ರು ಬೆರಳಿನಿಂದ ಗಾಳಿಯಲ್ಲಿ ಎರಡು ಗೆರೆ ಎಳೆದು ನೋಡಿದರು. ತಿರುಗಿಸಿ ಇನ್ನೊಮ್ಮೆ ಎಳೆದರು. ಸರಿಯಾಗಿತ್ತು. ಮೂವತ್ತೊಂದು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇಷ್ಟು ಚೊಕ್ಕವಾಗಿ ಸಾಧಿಸಿ ತೋರಿಸಿರಲಿಲ್ಲ. ಅವಮಾನ ಆಗಬೇಕಿತ್ತು, ಆದರೆ ಸಮುದ್ರ ನೋಡಬೇಕೆಂದಳಲ್ಲ, ಆ ಸಂತೋಷದ ಎದುರು ಅವಮಾನಕ್ಕೆ ಜಾಗ ಸಾಲಲಿಲ್ಲ. ಆರು ಕಪ್ಪಿನಲ್ಲಿ ಮೂರನ್ನು ಇಳಿಸಿ, ಕೆರೆಗೆ ಮುಖ ಮಾಡಿ ಮೂವರೂ ಚಹಾ ಕುಡಿದರು. ಸಕ್ಕರೆಗೆ ಕೊರತೆಯಿರಲಿಲ್ಲ, ಮೇಷ್ಟ್ರು ತಲೆ ಬಗ್ಗಿಸಿದರೆ ಸಾಕಿತ್ತು.

ಸೋಮವಾರ ಬೆಳಿಗ್ಗೆ ಗಾಡಿಮನೆ ಅಂಗಳದಲ್ಲಿ ಮೂತಿ ತಿರುಗಿಸಿಕೊಂಡು ನಿಂತಿತ್ತು. ಮೇಷ್ಟ್ರು ಹಲಗೆ ಹಿಡಿದುಕೊಂಡು ಒಳಗೆ ಹೋದರು. ರಸಮಟ್ಟ ಇಟ್ಟರು. ಗುಳ್ಳೆ ನಡುವೆ ನಿಂತಿತು. ಸ್ಕ್ರೂ ತಿರುಗಿಸಬೇಕೆನ್ನುವಷ್ಟರಲ್ಲಿ ಯಾಕೋ ಧೈರ್ಯ ಸಾಲಲಿಲ್ಲ. ಚಪ್ಪಲಿಯನ್ನು ಎತ್ತಿ ಒಳಗಿಟ್ಟುಕೊಂಡು, ಬಾಗಿಲಿಂದ ಕತ್ತು ಹೊರಗೆ ಹಾಕಿ ಕೂಗಿದರು:

"ಇವಳೇ, ಒಂದು ಬಕೆಟ್ ನೀರು ಸುರೀತೀಯಾ? ಸುಮ್ನೆ ಒಂದ್ಸಲ ನೋಡ್ಬಿಡೋಣ."