ಅತ್ತೆಯ ಅರಿಷ್ಟ, ಅಳಿಯನ ಶಿರಾಜ್

ರುದ್ರೇಶ ಬಾಟಲಿಯ ಚೀಟಿ ಕಿತ್ತದ್ದೇ ಎಲ್ಲಕ್ಕೂ ಮೂಲ.

ತಾಂಡ್ಯದ ಬಾಟಲಿ ಮುಚ್ಚಳದ ಕಾರ್ಖಾನೆಯಲ್ಲಿ ಅವನು ಸೂಪರ್‌ವೈಸರ್. ಅವನು, ಇಲ್ಲವೇ ಪಕ್ಕದ ಮೇಜಿನ ಶಿವರಾಜು, ಇಬ್ಬರಲ್ಲಿ ಒಬ್ಬರು ನಾಸಿಕ್‌ಗೆ ವರ್ಗವಾಗಬೇಕಿತ್ತು. ನಂಜನಗೂಡಿನಲ್ಲಿ ಕಟ್ಟಿಸಿದ ಮನೆಯ ಬಣ್ಣ ಇನ್ನೂ ಆರಿರಲಿಲ್ಲ. ಅದನ್ನು ಬಿಟ್ಟು ಹೋಗಲು ರುದ್ರೇಶನಿಗೆ ಸುತರಾಂ ಇಷ್ಟವಿರಲಿಲ್ಲ. ತೀರ್ಮಾನ ಕಾರ್ಖಾನೆಯ ಮ್ಯಾನೇಜರ್, ಬೆಳಗಾವಿ ಕಡೆಯ ಇನಾಮದಾರ್ ಸಾಹೇಬರದು. ಭಾನುವಾರ ಮಧ್ಯಾಹ್ನ ಅವರು ಇವನ ಮನೆಗೇ ಊಟಕ್ಕೆ ಬರುವವರಿದ್ದರು.

"ಸಾಯೇಬ್ರಿಗೆ ವೈನ್ ಅಂದ್ರೆ ಪ್ರಾಣ ಕಣ್ಲಾ," ಎಂದು ಶಿವರಾಜುವೇ ಹೇಳಿಕೊಟ್ಟಿದ್ದ. "ಶಿರಾಜ್ ಅಂತ ಒಂದು ಕರೀ ದ್ರಾಕ್ಷಿ. ದಪ್ಪ ಸಿಪ್ಪೆ, ಗಾಢ ಕೆಂಪು, ಕರಿಮೆಣಸಿನ ಗಮ್ಮನೆ ವಾಸ್ನೆ. ಕುರಿ ಮಾಂಸಕ್ಕೆ ಸರಿಯಾದ ಜೋಡಿ. ಇಷ್ಟು ಬಾಯಿಪಾಠ ಒಪ್ಸು ಸಾಕು."

"ನಮ್ಮನೇಲಿ ಕುರೀನಾ? ನಮ್ಮತ್ತೆ ನನ್ನೇ ಕಡ್ದಾರು!"

"ಬದನೆಕಾಯಿ ಎಣ್ಣೆಗಾಯಿ ಮಾಡ್ಸು. ಎಣ್ಣೆ, ಖಾರ ಎಲ್ಡೂ ಇದ್ರೆ ವೈನಿಗೇನ್ ಗೊತ್ತಾದದು?"

ಅತ್ತೆ ಗುರುಸಿದ್ದಮ್ಮ ಟಿ. ನರಸೀಪುರದಿಂದ ಬಂದು ಹತ್ತು ದಿನವಾಗಿತ್ತು. ಹಣೆ ತುಂಬ ವಿಭೂತಿ, ಬಾಯಿ ತುಂಬ ಬುದ್ಧಿಮಾತು. ಊಟದ ಮೇಲೆ ಎರಡು ಚಮಚ ದ್ರಾಕ್ಷಾರಿಷ್ಟ ಬೀಳದಿದ್ದರೆ ಅವರಿಗೆ ಅನ್ನ ಅರಗುತ್ತಿರಲಿಲ್ಲ. ಆಯುರ್ವೇದ ಪಂಡಿತರು ಯಾವುದೋ ಹಳೆಯ ಬಾಟಲಿಗೆ ತುಂಬಿಸಿಕೊಟ್ಟ ಅರಿಷ್ಟವನ್ನೂ ಮೈಸೂರಿನಿಂದ ತಂದ ವೈನನ್ನೂ ರುದ್ರೇಶ ಒಂದೇ ಚೀಲದಲ್ಲಿ ತಂದ. ಅತ್ತೆಯ ಕಣ್ಣಿಗೆ ಬಿದ್ದರೆ ರಾಮಾಯಣವೆಂದು ವೈನಿನ ಚೀಟಿಯನ್ನು ನೀರಲ್ಲಿ ನೆನೆಸಿ ಕಿತ್ತು, ಎರಡನ್ನೂ ಅಡುಗೆಮನೆ ಗೂಡಿನಲ್ಲಿಟ್ಟ. ಎಡಗಡೆಯದು ಅತ್ತೆಗೆ, ಬಲಗಡೆಯದು ಸಾಹೇಬರಿಗೆ.

ಭಾನುವಾರ ಬೆಳಿಗ್ಗೆ ಹೆಂಡತಿ ಪವಿತ್ರ, ಸಾಹೇಬರು ಬರುತ್ತಾರೆಂದು ಗೂಡು ಒರೆಸಿದಳು. ಬಾಟಲಿ ಇಳಿಸಿ, ಒರೆಸಿ, ಮತ್ತೆ ಇಟ್ಟಳು.

ಮಧ್ಯಾಹ್ನ ಸಾಹೇಬರು ಎಣ್ಣೆಗಾಯಿ ಮುರಿದು ಬಾಯಿಗಿಟ್ಟು, ರುದ್ರೇಶ ಬಲಗಡೆಯ ಬಾಟಲಿಯಿಂದ ಸುರಿದುಕೊಟ್ಟ ಲೋಟದಿಂದ ಒಂದು ಗುಟುಕು ಹೀರಿ ಕಣ್ಣು ಮುಚ್ಚಿದರು. ಆಗಲೇ ರುದ್ರೇಶನ ಮೂಗಿಗೆ ಬೆಲ್ಲ, ಚಕ್ಕೆಯ ಘಾಟು ಬಡಿಯಿತು. ಹತ್ತು ದಿನದಿಂದ ಅತ್ತೆ ಮಾತಾಡಿದಾಗೆಲ್ಲ ಬರುತ್ತಿದ್ದ ವಾಸನೆ! ಬಾಟಲಿಗಳು ಅದಲುಬದಲಾಗಿದ್ದವು.

ಒಳಗಿನಿಂದ ಅತ್ತೆಯ ದನಿ ಬಂತು. "ಪವೀ, ಈ ಸಲದ ಅರಿಷ್ಟ ಬೋ ಸೊಗ್ಸಾಗದೆ ಕಣವ್ವ. ಎಲ್ಡು ಚಮ್ಚ ಸಾಲ್ದು ಅಂತ ಮೂರು ಲೋಟ ಕುಡ್ದೆ!" ಹಿಂದೆಯೇ ಸೋಬಾನೆ ಪದ ಶುರುವಾಯಿತು.

"ಒಳಗ ಯಾರ ಹಾಡಾಕತ್ತಾರ?" ಎಂದರು ಸಾಹೇಬರು.

"ಭಜನೆ ಸಾ, ಭಜನೆ."

"ಇದ್ಯಾವ ದ್ರಾಕ್ಷಿರೀ?"

ರುದ್ರೇಶ ಬಾಯಿಪಾಠ ಒಪ್ಪಿಸಿದ. "ಶಿರಾಜ್ ಸಾ. ದಪ್ಪ ಸಿಪ್ಪೆ. ಕರಿಮೆಣಸಿನ ವಾಸ್ನೆ."

"ಖರೇ! ಮೆಣಸಷ್ಟೇ ಅಲ್ಲ, ಚಕ್ಕಿ, ಏಲಕ್ಕಿ, ಎಲ್ಲಾ ಅದಾವ್ರಿ ಇದ್ರಾಗ! ಮೂವತ್ತು ವರ್ಷದಾಗ ಇಂಥಾ ವೈನ್ ಕುಡದಿಲ್ಲ ನಾ. ಬದನಿಕಾಯಿ ಸಂಗಾಟ ಅಂತೂ ಭಾಳ ಛಲೋ!" ಎಂದು ಬಾಟಲಿಯನ್ನು ಬೋರಲು ಹಾಕಿದರು.

ಗೆದ್ದೆ! ರುದ್ರೇಶ ಮನಸ್ಸಿನಲ್ಲೇ ನಂಜುಂಡಪ್ಪನಿಗೆ ಉರುಳುಸೇವೆ ಹೇಳಿಕೊಂಡ.

ಸಾಹೇಬರು ಅವನ ಬೆನ್ನು ತಟ್ಟಿದರು. "ನಾಸಿಕ್‌ನ್ಯಾಗ ನಮ್ಮ ಗಿರಾಕಿ ಎಲ್ಲಾ ವೈನಿನವರು. ವೈನ್ ತಿಳದಾಂವ ಬೇಕಾಗಿತ್ತು. ಶಿವರಾಜುನ್ನ ನಿನ್ನೆ ಕೇಳಿದ್ನಿ. 'ನಂಗೆ ಮಜ್ಜಿಗೆ ಬಿಟ್ರೆ ಏನೂ ತಿಳೀದು ಸಾ, ರುದ್ರೇಶನ್ನೇ ನೋಡಿ' ಅಂದ. ಸುಳ್ಳಲ್ಲ ನೋಡ್ರಿ. ಮುಂದಿನ ಸೋಮವಾರ ಹೊರಡ್ರಿ!"

ನಿಜ ಹೇಳಿಬಿಡೋಣವೆಂದು ರುದ್ರೇಶ ಬಾಯಿ ತೆರೆದ. ಹೇಳಿದರೆ ಸಾಹೇಬರಿಗೆ ಅರಿಷ್ಟ ಕುಡಿಸಿದ್ದೂ ಅತ್ತೆಗೆ ಹೆಂಡ ಕುಡಿಸಿದ್ದೂ ಒಟ್ಟಿಗೇ ಹೊರಬೀಳುತ್ತದೆ. ಆಗಲೆಂದು ತಲೆಯಾಡಿಸಿ ಸಾಹೇಬರಿಗೆ ಇನ್ನೊಂದು ಎಣ್ಣೆಗಾಯಿ ಬಡಿಸಿದ.

ಅಷ್ಟರಲ್ಲಿ ಗುರುಸಿದ್ದಮ್ಮ ಬಾಗಿಲ ಚೌಕಟ್ಟು ಹಿಡಿದು ಪ್ರತ್ಯಕ್ಷರಾದರು. ವಿಭೂತಿ ಹುಬ್ಬಿನವರೆಗೆ ಇಳಿದಿತ್ತು.

"ಅಳಿಯಂದ್ರೇ, ನಾಸಿಕ್ಕಲ್ಲಿ ದ್ರಾಕ್ಷಿ ಬೋ ಬೆಳೀತಾರಂತಲ್ಲ? ಅಂಗಾದ್ರೆ ಈ ಅರಿಷ್ಟ ಅಲ್ಲೂ ಸಿಕ್ತದೆ. ನರಸೀಪುರ್ದಲ್ಲಿ ನಂಗೇನ್ ಕೆಲ್ಸ, ನಾನೂ ನಿಮ್ ಜೊತೇಲೇ ಬಂದ್ಬುಡ್ತೀನಿ!"