ತೇನಿ ಬುಲ್ಸ್ ಕಪ್ ಗೆದ್ದ ದಿನ

ಬಾಲಮುರುಗನ್ ತಾನೇ ಹೊಡೆದ ಚೆಂಡಿನ ಮೇಲೆ ತಾನೇ ಕಾಲಿಟ್ಟು ಬಿದ್ದದ್ದೇ ಎಲ್ಲದಕ್ಕೂ ಮೂಲ. ಬಿದ್ದವನು ಎದ್ದು ಮಣ್ಣು ಕೊಡವಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನು ಏಳಲಿಲ್ಲ, ಕಾಲು ಬೋಂಡದ ಹಾಗೆ ಊದಿಕೊಂಡಿತು. ಬತ್ತಲಗುಂಡಿನ ಸಂತೆಯ ಹಿಂದಿನ ಟೆನ್ನಿಸ್ ಅಂಗಳದಲ್ಲಿ ಫೈನಲ್ ಪಂದ್ಯದ ಕೊನೆಯ ಸೆಟ್ ಒಂದು ಮಾತ್ರ ಬಾಕಿ ಇತ್ತು. ಅದು ಗಂಡು ಹೆಣ್ಣು ಜೋಡಿಯಾಗಿ ಆಡುವ ಮಿಕ್ಸೆಡ್ ಡಬಲ್ಸ್. ತೇನಿ ತಂಡದಿಂದ ಅಮುದಾಳ ಜೋಡಿಯಾಗಿ ಇಳಿಯಬೇಕಾದವನು ಇದೇ ಬಾಲಮುರುಗನ್.

ತಂಗರಾಜ್ ಐಸ್ ತರಲು ಓಡಿದ. ಆ ತಂಡದಲ್ಲಿ ಯಾರಿಗೆ ಏನಾದರೂ ಓಡುವವನು ಅವನೇ. ಹೆಸರಿಗೆ ಮ್ಯಾನೇಜರ್, ಮಾಡುವುದು ಚೆಂಡಿನ ಚೀಲ ಹೊರುವ ಕೆಲಸ, ರ‍್ಯಾಕೆಟ್ಟಿನ ದಾರ ಬಿಗಿಸುವ ಕೆಲಸ, ಬೆಳಗ್ಗೆ ಆರು ಗಂಟೆಗೆ ನೆಟ್ಟಿನಾಚೆ ನಿಂತು ಅಮುದಾಳ ಅಭ್ಯಾಸಕ್ಕೆ ಬುಟ್ಟಿಗಟ್ಟಲೆ ಚೆಂಡು ಹೊಡೆದುಕೊಡುವ ಕೆಲಸ. ಈ ಕೊನೆಯದನ್ನು ಮೂರು ವರ್ಷದಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಜ್ವರ ಬಂದಾಗಲೂ ಕಂಬಳಿ ಹೊದ್ದು ಬಂದು ಹೊಡೆದಿದ್ದ. ಅದು ಟೆನ್ನಿಸ್ ಮೇಲಿನ ಭಕ್ತಿಯಲ್ಲ ಎಂಬುದು ಚೆಂಡಿಗೂ ಗೊತ್ತಿತ್ತು. ಅವನಿಗೆ ಅಮುದಾಳನ್ನು ಮದುವೆಯಾಗುವ ಆಸೆ. ಕೆಲಸ ಕಾಯಂ ಆದ ಮಾರನೆಯ ದಿನವೇ ತನ್ನೂರು ತೇವಾರದಿಂದ ಅಮ್ಮನನ್ನು ಕಳಿಸಿ ಹೆಣ್ಣು ಕೇಳಿಸುವುದೆಂದು ಮನಸ್ಸಿನಲ್ಲೇ ಮುಹೂರ್ತ ಇಟ್ಟುಕೊಂಡಿದ್ದ. ಅಮುದಾಳಿಗೆ ಮಾತ್ರ ಒಂದು ಮಾತು ಹೇಳಿರಲಿಲ್ಲ.

ಕೆಲಸ ಕಾಯಂ ಆಗುವುದು ಬಿಡಿ, ತಂಡವೇ ಉಳಿಯುವುದು ಅನುಮಾನವಾಗಿತ್ತು. ತೇನಿ ಬುಲ್ಸ್ ಹುಟ್ಟಿದ್ದು ತೊಂಬತ್ತಾರರಲ್ಲಿ. ದ್ರಾಕ್ಷಿ ವ್ಯಾಪಾರಿ ರಾಮಸಾಮಿ ಲಾರಿಯ ಜೊತೆ ಮದರಾಸಿಗೆ ಹೋಗಿದ್ದವರು ಯಾರದೋ ಒತ್ತಾಯಕ್ಕೆ ಟೆನ್ನಿಸ್ ನೋಡಲು ಕೂತರು. ಆಟ ಅರ್ಥವಾಗಲಿಲ್ಲ. ಆದರೆ ಅಷ್ಟು ಸಾವಿರ ಜನ ಬಾಯಿ ಮುಚ್ಚಿಕೊಂಡು ಕೂತದ್ದು ಕಂಡು ಬೆರಗಾದರು. ಇಂಥ ಶಿಸ್ತನ್ನು ಅವರು ತಮ್ಮ ಕುಲದ ಪಂಚಾಯ್ತಿಯಲ್ಲಿ ಹೋಗಲಿ, ಸಾವಿನ ಮನೆಯಲ್ಲೂ ಕಂಡಿರಲಿಲ್ಲ. ತೇನಿ, ದಿಂಡುಗಲ್, ಬತ್ತಲಗುಂಡು, ಪಳನಿ ಎಂಬ ನಾಲ್ಕು ಊರಿನ ತಂಡಗಳು, ಸಂಬಳದ ಆಟಗಾರರು, ವರ್ಷಕ್ಕೊಂದು ಲೀಗ್ ಎಂದು ಯಾರೋ ಯೋಜನೆ ತಂದಾಗ ತೇನಿ ತಂಡವನ್ನು ಅವರು ಕೊಂಡೇಬಿಟ್ಟರು. ಮೊದಲ ವರ್ಷ ತಂಡ ಕೊನೆಯ ಸ್ಥಾನ ಪಡೆಯಿತು. ಎರಡನೆಯ ವರ್ಷ ಆ ಸ್ಥಾನವನ್ನು ಭದ್ರವಾಗಿ ಉಳಿಸಿಕೊಂಡಿತು. ಮೂರನೆಯ ವರ್ಷ ಪಳನಿಯವರ ವ್ಯಾನು ಎರಡು ಸಲ ಕೆಟ್ಟು ನಿಂತದ್ದರಿಂದಲೂ, ಬತ್ತಲಗುಂಡಿನ ಅರ್ಧ ತಂಡ ಮದುವೆಯೂಟಗಳಲ್ಲಿ ಕಾಣೆಯಾದದ್ದರಿಂದಲೂ ಹೇಗೋ ದಿಂಡುಗಲ್ ಎದುರು ಫೈನಲ್ ತಲುಪಿತು. "ಈ ಸಲಾನೂ ಸೋತ್ರೆ ತಂಡನ ದಿಂಡುಗಲ್ ಬೀಗದ ಫ್ಯಾಕ್ಟರಿಯವ್ರಿಗೆ ಮಾರ್ಬುಡ್ತೀನಿ, ಸಾಮಿ ಸತ್ಯವಾಗಿ," ಎಂದು ರಾಮಸಾಮಿ ಬೆಳಗ್ಗೆ ವ್ಯಾನಿನಲ್ಲೇ ಸಾರಿದ್ದರು.

ತಂಡ ಹೀಗೆ ಸೋಲುತ್ತ ಬಂದದ್ದಕ್ಕೆ ಒಂದು ಕಾರಣವಿತ್ತು. ಲೋಕದಲ್ಲೆಲ್ಲ ಮಿಕ್ಸೆಡ್ ಡಬಲ್ಸ್ ಜೋಡಿಯನ್ನು ಆಟ ನೋಡಿ ಆರಿಸುತ್ತಾರೆ. ತೇನಿ ತಂಡದಲ್ಲಿ ವರಸೆ ನೋಡಿ ಆರಿಸುತ್ತಿದ್ದರು. ತಂಡದವರೆಲ್ಲ ರಾಮಸಾಮಿಯ ಕುಲದವರೇ; ಆ ಕುಲದಲ್ಲಿ ಒಂದೇ ಬೆಡಗಿನವರು, ಅಂದರೆ ಒಂದೇ ಬಳ್ಳಿಯವರು, ಅಣ್ಣ ತಂಗಿಯರು. ಬೇರೆ ಬೆಡಗಿನವನಾದರೆ ಮದುವೆಗೆ ಆಗುವವನು. ಆಗುವವನ ಜೊತೆ ಹುಡುಗಿ ಒಂದೇ ಅಂಗಳದಲ್ಲಿ ಕುಣಿದರೆ ನೋಡಿದವರು ಏನಂದಾರು? ಅಮುದಾಳನ್ನು ಆಟಕ್ಕೆ ಕಳಿಸುವಾಗ ಅಜ್ಜಿ ಅಳಗಮ್ಮಾಳ್ ಹಾಕಿದ ಕರಾರು ಇದೊಂದೇ. ಅಮುದಾ ಹೊನ್ನೆ ಬೆಡಗಿನವಳು. ತಂಡದಲ್ಲಿ ಇನ್ನೊಬ್ಬ ಹೊನ್ನೆ ಬೆಡಗಿನವನೆಂದರೆ ಬಾಲಮುರುಗನ್. ಅವನಿಗೆ ವರಸೆ ಸರಿಯಾಗಿತ್ತು, ಆಟ ಬರುತ್ತಿರಲಿಲ್ಲ.

ತಂಗರಾಜ್ ಐಸ್ ಹಿಡಿದು ಬರುವಷ್ಟರಲ್ಲಿ ಅಂಪೈರ್ ಹತ್ತು ನಿಮಿಷದ ಗಡುವು ಕೊಟ್ಟಿದ್ದರು. ಈ ಲೀಗಿನಲ್ಲಿ ಐದೂ ಸೆಟ್ಟಿನ ಗೇಮುಗಳನ್ನು ಕೂಡಿಸಿ ಗೆಲುವು ತೀರ್ಮಾನವಾಗುತ್ತದೆ. ಅಮುದಾ ತನ್ನ ಸಿಂಗಲ್ಸನ್ನು ಆರು-ಮೂರರಲ್ಲಿ ಗೆದ್ದಿದ್ದಳು, ಉಳಿದವರು ಮೂರು ಸೆಟ್ಟನ್ನೂ ಸೋತಿದ್ದರು. ದಿಂಡುಗಲ್ ಇಪ್ಪತ್ತೊಂದು, ತೇನಿ ಹದಿನೆಂಟು. ಕಪ್ ಬೇಕಾದರೆ ಕೊನೆಯ ಸೆಟ್ಟಿನಲ್ಲಿ ಆರು ಗೇಮ್ ಗೆಲ್ಲಬೇಕು, ಎದುರಿನವರಿಗೆ ಎರಡಕ್ಕಿಂತ ಹೆಚ್ಚು ಬಿಡಬಾರದು.

"ಮಣಿಕಂಡನ್ ಇಳೀಲಿ," ಎಂದರು ರಾಮಸಾಮಿ. ಮಣಿಕಂಡನ್ ತಂಡದ ಸಿಂಗಲ್ಸ್ ಆಟಗಾರ. ಬೋಡಿಯ ಏಲಕ್ಕಿ ಮಂಡಿಯವರ ಮಗ, ನೋಡಲು ಲಕ್ಷಣವಾಗಿದ್ದ.

"ಅವನು ಇವಳ್ಗೆ ಮಾಮನ್ ಮುರೈ, ಮದ್ವೆಗೆ ಆಗೋನು ಅಲ್ವಾ!" ಎಂಬ ಕೂಗು ಶಾಮಿಯಾನದಿಂದ ಬಂತು. ಅಳಗಮ್ಮಾಳ್ ಸೆರಗು ಬಿಗಿದುಕೊಂಡು ಅಂಗಳಕ್ಕೇ ನಡೆದು ಬಂದಳು. ಮೂರು ವರ್ಷದಲ್ಲಿ ಒಂದು ಪಂದ್ಯಕ್ಕೂ ಬಾರದ ಮುದುಕಿ ಅದೇಕೋ ಇವತ್ತು ಬಂದಿದ್ದಳು. "ತಾಲಿ ಕಟ್ಟೋಕ್ ಮುಂಚೆ ನಾಲ್ಕೂರ್ ಜನದ ಮುಂದೆ ಜೋಡಿ ಆಡೋದಾ? ನಂಗ್ ಉಸ್ರು ಇರೋಗಂಟ ನಡೆಯಾಕಿಲ್ಲ, ಮಾಪಿಳ್ಳೈ."

"ಅತ್ತೇ, ಇದು ಆಟ..." ಎಂದರು ವರಸೆಯಲ್ಲಿ ಅವಳಿಗೆ ಅಳಿಯನಾಗುವ ರಾಮಸಾಮಿ.

"ನಿಮ್ಗೆ ಆಟ. ನಮ್ಗೆ ಹೆಣ್ಣಿನ ಮಾನ."

ಗಂಡಸರ ಪಟ್ಟಿಯಲ್ಲಿ ಇನ್ನು ಒಂದೇ ಹೆಸರು ಉಳಿದಿತ್ತು, ತಂಗರಾಜ್. ಲೀಗಿನ ನಿಯಮಕ್ಕೆ ಎಂಟು ಹೆಸರು ತುಂಬಬೇಕಿದ್ದುದರಿಂದ ಅರ್ಜಿ ಬರೆಯುವಾಗ ಅವನೇ ತನ್ನದನ್ನೂ ಸೇರಿಸಿಕೊಂಡಿದ್ದ. ಎಲ್ಲರ ಕಣ್ಣೂ ಐಸ್ ಕರಗಿಸುತ್ತ ನಿಂತಿದ್ದ ಅವನ ಕಡೆ ತಿರುಗಿದವು. ಅಳಗಮ್ಮಾಳ್ ಹತ್ತಿರ ಬಂದು ಕಾಲಿನಿಂದ ತಲೆವರೆಗೆ ನಿಧಾನವಾಗಿ ನೋಡಿದಳು.

"ತೇವಾರದ ಪಯ್ಯ ನೀನೇ ಅಲ್ವಾ? ನೀ ಯಾವ ಬೆಡಗು, ತಂಬಿ?"

ತಂಗರಾಜನದು ಸೋರೆ ಬೆಡಗು. ಆ ಬೆಡಗಿನಲ್ಲಿ ಹುಟ್ಟಿಸಿದ್ದಕ್ಕೆ ಅವನು ಮೂರು ವರ್ಷದಿಂದ ದಿನವೂ ದೇವರಿಗೆ ಕೈಮುಗಿಯುತ್ತಿದ್ದ. ಈಗ ಸೋರೆ ಎಂದರೆ ಆಟವಿಲ್ಲ, ಆಟವಿಲ್ಲದಿದ್ದರೆ ಸೋಲು, ಸೋತರೆ ತಂಡ ದಿಂಡುಗಲ್ಲಿಗೆ, ಅಮುದಾ ಅದರ ಜೊತೆಗೆ, ತಾನು ತೇವಾರಕ್ಕೆ. ಹೊನ್ನೆ ಎಂದುಬಿಟ್ಟರೆ ಇವತ್ತಿಗೆ ಆಟ ನಡೆಯುತ್ತದೆ. ನಾಳೆ ಮುದುಕಿಯ ಕಾಲು ಹಿಡಿದು ನಿಜ ಹೇಳಿದರಾಯಿತು. ರಾಮಸಾಮಿ ಮಳೆಗೆ ಸಿಕ್ಕ ದ್ರಾಕ್ಷಿ ಲೋಡನ್ನು ನೋಡುವ ಹಾಗೆ ಅವನನ್ನೇ ನೋಡುತ್ತಿದ್ದರು.

"ಹೊನ್ನೆ, ಅವ್ವ," ಎಂದ ತಂಗರಾಜ್.

ಮುದುಕಿಯ ಮುಖ ಯಾಕೋ ಸಪ್ಪಗಾಯಿತು. "ಹೊನ್ನೇನಾ? ನಿಜವಾಗ್ಲೂ?" ಎಂದು ಎರಡು ಸಲ ಕೇಳಿದಳು. ಆಮೇಲೆ ಸೊಂಟದ ಚೀಲದಿಂದ ಬೂದಿಯ ಪೊಟ್ಟಣ ತೆಗೆದಳು. ಕಂಬಂನಲ್ಲಿ ಅವರ ಕುಲದವರು ತಲೆತಲಾಂತರದಿಂದ ಸಾಕಿಕೊಂಡು ಬಂದ ದೇವರ ಹಸುಗಳ ದೊಡ್ಡಿಯ ಬೂದಿ ಅದು. "ಇದ್ನ ಮುಟ್ಟಿ ಹೇಳು."

ತಂಗರಾಜ್ ಮುಟ್ಟಿದ. ಮುದುಕಿ ಅದನ್ನೇ ಅವನ ಹಣೆಗೂ ಬಳಿದು, "ಹಂಗಾರೆ ಆಡು. ಒಂದೊಂದು ಚೆಂಡಿಗೂ ತಂಗಚ್ಚೀ ಅಂತ ಗಟ್ಟಿಯಾಗಿ ಕೂಗ್ಬೇಕು. ಜನಕ್ಕೆ ಅಣ್ಣ ತಂಗಿ ಮುರೈ ತಿಳೀಬೇಕು ನೋಡು," ಎಂದಳು.

ಅಮುದಾ ಶೂ ದಾರ ಕಟ್ಟುತ್ತ ಕೂತಿದ್ದವಳು ಇದನ್ನೆಲ್ಲ ಕೇಳಿದಳು. ತಲೆಯೆತ್ತಿ ಅವನನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ದಾರವನ್ನು ಕಿತ್ತುಬರುವಷ್ಟು ಜೋರಾಗಿ ಎಳೆದು, "ಬಾ ಅಣ್ಣೇ," ಎಂದಳು.

ಬಾಲಮುರುಗನ್ನನ ಅಂಗಿ ತಂಗರಾಜನ ಮೊಣಕಾಲಿಗೆ ಬರುತ್ತಿತ್ತು. ಎದುರಿಗೆ ದಿಂಡುಗಲ್ಲಿನ ಜೋಡಿ. ಅವರು ಗಂಡ ಹೆಂಡತಿ, ಇಬ್ಬರೂ ಕಾಲೇಜು ಚಾಂಪಿಯನ್ನರು, ವರಸೆಯ ತಂಟೆಯೇ ಇಲ್ಲ. ಎತ್ತು ಏರಿಗೆ ನಿಂತ ಹಾಗೆ ನಿಂತಿದ್ದ ತಂಗರಾಜನನ್ನು ಕಂಡು ಅವರಿಗೆ ನಗು ಬಂತು. ಎಲ್ಲ ಚೆಂಡನ್ನೂ ಅವನ ಕಡೆಗೇ ಹೊಡೆಯುವುದೆಂದು ತೀರ್ಮಾನಿಸಿದರು. ಅವರು ಮಾಡಿದ ತಪ್ಪು ಇದೇ.

ತಂಗರಾಜನಿಗೆ ಟೆನ್ನಿಸ್ ಬರುತ್ತಿರಲಿಲ್ಲ, ಚೆಂಡು ಹಿಂದಕ್ಕೆ ಕಳಿಸುವುದು ಬರುತ್ತಿತ್ತು. ಮೂರು ವರ್ಷ, ದಿನಕ್ಕೆ ಐನೂರು. ಗಂಡ ಬಿರುಸಾಗಿ ಹೊಡೆದ, "ನಂದು ತಂಗಚ್ಚೀ!" ಎಂಬ ತಂಗರಾಜನ ಕೂಗಿನ ಜೊತೆ ಚೆಂಡು ಹಿಂದಕ್ಕೆ ಹೋಯಿತು. ಹೆಂಡತಿ ಓರೆಯಾಗಿ ಹೊಡೆದಳು, "ನಂದೇ ತಂಗಚ್ಚೀ!" ಎಂದು ಮತ್ತೆ ಹೋಯಿತು. ಹತ್ತನೆಯ ಸಲಕ್ಕೆ ಬೇಸತ್ತು ಅವರು ಸಡಿಲವಾಗಿ ಒಂದು ಚೆಂಡು ಬಿಟ್ಟರೆ, "ನಿಂದು ತಂಗಚ್ಚೀ!" ಎಂಬ ಕೂಗಿನ ಹಿಂದೆಯೇ ಅಮುದಾ ಹಾರಿ ಬಡಿಯುತ್ತಿದ್ದಳು. ಆ ಹೊತ್ತು ಅವಳು ಬಡಿದದ್ದು ಚೆಂಡನ್ನೋ ಬೇರೆ ಯಾರನ್ನೋ ಎಂದು ತಂಗರಾಜನಿಗೆ ಅನುಮಾನ. ಒಂದೊಂದು ಪಾಯಿಂಟಿಗೂ ಜನ ಕುಣಿದರು. ಅವನ ಎದೆಯಲ್ಲಿ ಮಾತ್ರ ಒಂದೊಂದು ಮೊಳೆ ಇಳಿಯುತ್ತಿತ್ತು.

ಎರಡು-ಎರಡು ಆಯಿತು. ಇನ್ನೊಂದು ಗೇಮ್ ಬಿಟ್ಟರೆ ಕಪ್ ಕೈಯಲ್ಲಿಲ್ಲ. ಅಷ್ಟರಲ್ಲಿ ಎದುರಿನ ಹೆಂಡತಿ ಗಂಡನಿಗೆ, "ಅದು ನಿಮ್ಮ ಚೆಂಡು," ಎಂದಳು. ಗಂಡ, "ಮನೇಲೂ ನಿಂದು ಇದೇ ಮಾತು," ಎಂದ. ಅಲ್ಲಿಗೆ ದಿಂಡುಗಲ್ಲಿನ ಬೀಗ ಕಳಚಿತು. ಅವರಿಬ್ಬರೂ ನೆಟ್ಟಿನಾಚೆ ಇರುವವರನ್ನು ಬಿಟ್ಟು ಪರಸ್ಪರ ಆಡತೊಡಗಿದರು. ಮೂರು, ನಾಲ್ಕು, ಐದು! ರಾಮಸಾಮಿ ತಾವೇ ಮೆಚ್ಚಿದ್ದ ಶಿಸ್ತನ್ನು ಮರೆತು ಕುರ್ಚಿಯ ಮೇಲೆ ಹತ್ತಿ ಶಿಳ್ಳೆ ಹಾಕಿದರು. ಕೊನೆಯ ಚೆಂಡು ಗೆರೆಯ ಹತ್ತಿರ ಬಂತು. ಅಮುದಾ, ತಂಗರಾಜ್ ಇಬ್ಬರೂ ಓಡಿದರು. "ಬುಡು ತಂಗಚ್ಚೀ!" ಎಂದು ಗಂಟಲು ಹರಿಯುವಂತೆ ಕೂಗಿ ತಂಗರಾಜ್ ಮಲಗಿಕೊಂಡೇ ಹೊಡೆದ. ಚೆಂಡು ಗಂಡ ಹೆಂಡತಿಯ ನಡುವೆ, ಇಬ್ಬರೂ ನಿನ್ನದು ನಿನ್ನದು ಎನ್ನುತ್ತಿರುವಾಗ, ಸುಖವಾಗಿ ಬಿತ್ತು.

ಆರು-ಎರಡು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತಮೂರು. ತೇನಿ ಬುಲ್ಸ್ ತನ್ನ ಜನ್ಮದಲ್ಲಿ ಮೊದಲ ಸಲ ಕಪ್ ಗೆದ್ದಿತು! ಬಾಲಮುರುಗನ್ ಊದಿದ ಕಾಲಿನಲ್ಲೇ ಕುಣಿದ. ತೇನಿಯಿಂದ ಬಂದ ಜನ ತಂಗರಾಜನನ್ನು ಹೆಗಲ ಮೇಲೆ ಹೊತ್ತು ಅಂಗಳ ಸುತ್ತಿದರು. ತವಿಲ್ ಡೋಲು ಎಲ್ಲಿಂದ ಬಂತೋ ಗೊತ್ತಿಲ್ಲ, ಮೊಳಗತೊಡಗಿತು. ರಾಮಸಾಮಿ ಅಳುತ್ತಲೇ ಅಪ್ಪಿಕೊಂಡು, "ತಂಡ ಮಾರೋದಿಲ್ಲ ಡಾ ತಂಬಿ! ನಿನ್ ಕೆಲಸ ಇವತ್ತಿಂದ ಕಾಯಂ!" ಎಂದರು. ತಂಗರಾಜನಿಗೆ ಬದುಕಿನಲ್ಲಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಆ ಧೈರ್ಯದಲ್ಲೇ ನಾಳೆಯವರೆಗೆ ಯಾಕೆ ಎಂದುಕೊಂಡು ಕಪ್ ಹಿಡಿದೇ ಅಳಗಮ್ಮಾಳ್ ಹತ್ತಿರ ಹೋದ.

"ಅವ್ವ, ಒಂದ್ ಮಾತು..."

"ನಾ ಹೇಳ್ತೀನಿ ಮೊದ್ಲು, ಕೂತ್ಕೊ," ಎಂದು ಮುದುಕಿ ಅವನ ಕೆನ್ನೆ ನೇವರಿಸಿದಳು. "ಇವತ್ತು ನಾ ಬಂದಿದ್ದು ಆಟ ನೋಡೋಕಲ್ಲಪ್ಪ, ನಿನ್ನ ನೋಡೋಕೆ. ತೇವಾರದ ಪಯ್ಯ ಚಿನ್ನದಂಥೋನು, ಅಮುದಾಗೆ ತಕ್ಕೋನು, ಬೆಡಗು ಮಾತ್ರ ನೀವೇ ಕೇಳ್ಕೊಳ್ಳಿ ಅಂತ ರಾಮಸಾಮಿ ಮಾಪಿಳ್ಳೈ ಹೇಳಿದ್ರು. ಅಮುದಾನೂ ಊಂ ಅಂದಿದ್ಲು. ಬರ್ತಾ ದಾರೀಲೇ ತಾಂಬೂಲಕ್ಕೆ ವೆತ್ತಲೆ ಪಾಕು, ತೆಂಗಿನಕಾಯಿ ತಕೊಂಡೆ. ನಿಶ್ಚಯ ಮುಗಿಸ್ಬುಡೋಣ ಅಂತ."

ತಂಗರಾಜನ ಕೈಯಲ್ಲಿ ಕಪ್ ವಾಲಿತು. "ಅವ್ವ! ನಂದು ಸೋರೆ ಬೆಡಗು! ಆಟ ನಡೀಲಿ ಅಂತ ಸುಳ್ಳು..."

ಮುದುಕಿಯ ಕೈ ಕೆನ್ನೆಯಿಂದ ಹಿಂದೆ ಸರಿಯಿತು. "ದೇವರ ದೊಡ್ಡಿ ಬೂದಿ ಮುಟ್ಟಿ ಸುಳ್ಳು ಹೇಳಿದ್ಯಾ? ಹಂಗಾದ್ರೆ ಕುಲದ ಪಂಚಾಯ್ತಿ ಕೂಡ್ಬೇಕು. ಹನ್ನೆರಡು ವರ್ಷ ನಿಮ್ ತಾಯಿ ದೊಡ್ಡಿ ಹೊಸಿಲು ತುಳಿಯಂಗಿಲ್ಲ, ನಿಮ್ ಮನೆಗೆ ಹೆಣ್ಣು ಕೊಡೋಂಗಿಲ್ಲ. ನಮ್ ಮನೆದಲ್ಲ, ಯಾರ್ ಮನೆ ಹೆಣ್ಣೂ. ಈಗ ಯೋಚ್ನೆ ಮಾಡಿ ಹೇಳು ನನ್ ಕಣ್ಣೇ. ನೀ ಸೋರೆನಾ, ಹೊನ್ನೆನಾ?"

ಅಂಗಳದಲ್ಲಿ ತವಿಲ್ ಮೊಳಗುತ್ತಿತ್ತು. ತಂಗರಾಜ್ ಅಮುದಾಳ ಕಡೆ ನೋಡಿದ. ಅವಳು ಬೆನ್ನು ತಿರುಗಿಸಿಕೊಂಡು ನೀರು ಕುಡಿಯುತ್ತಿದ್ದಳು.

"ಹೊನ್ನೆ, ಅವ್ವ."

"ಅಲ್ಲಾ, ನನ್ಗೊತ್ತಿಲ್ವಾ?" ಮುದುಕಿ ಮತ್ತೆ ಕೆನ್ನೆ ನೇವರಿಸಿದಳು. "ವೆತ್ತಲೆ ವಾಪಸ್ ಒಯ್ಯೋದು ಅಪಶಕುನ. ಆ ಬೋಡಿ ಮಣಿಕಂಡನ್ನೇ ಕೇಳ್ಬುಡೋಣ, ಅವರಪ್ಪನೂ ಇಲ್ಲೇ ಅವ್ನೆ. ಕೇಳೋಕ್ ಹೋಗೋವಾಗ ತಟ್ಟೆ ಹಿಡಿಯೋನು ಹೆಣ್ಣಿನ ಅಣ್ಣ. ಏಳು."

ಒಂದು ಕಂಕುಳಲ್ಲಿ ಕಪ್, ಎರಡು ಕೈಯಲ್ಲಿ ತಟ್ಟೆ ಹಿಡಿದು ತಂಗರಾಜ್ ನಡೆದ. ಜನ ದಾರಿ ಬಿಟ್ಟು, ಹೂವೆರಚಿ, ಜೈಕಾರ ಹಾಕಿದರು. ಎದುರಾದ ರಾಮಸಾಮಿ ತಟ್ಟೆಯನ್ನೂ, ಮುದುಕಿಯನ್ನೂ, ಅವರು ಹೊರಟ ಮಣಿಕಂಡನ್ ಕಡೆಯನ್ನೂ ನೋಡಿ ಎಲ್ಲ ಅರ್ಥ ಮಾಡಿಕೊಂಡರು. ಹತ್ತಿರ ಬಂದು ಅವನ ಬೆನ್ನು ತಟ್ಟಿ, "ಬೇಜಾರ್ ಮಾಡ್ಕೋಬೇಡ ತಂಬಿ. ಮದುವೆ ಆದ್ಮೇಲೂ ಅವಳು ನಮ್ ತಂಡದಲ್ಲೇ ಆಡ್ತಾಳೆ, ಮಣಿಕಂಡನ್ ಒಪ್ತಾನೆ. ಆದ್ರೆ ಗಂಡ ಹೆಂಡ್ತಿ ಜೋಡಿ ಏನಾಗ್ತದೆ ಅಂತ ಇವತ್ತೇ ನೋಡಿದ್ವಲ್ಲ," ಎಂದು ಕಣ್ಣೊರೆಸಿಕೊಂಡರು. "ಇನ್ನು ಹತ್ತು ವರ್ಷ ಮಿಕ್ಸೆಡ್ ಡಬಲ್ಸಿಗೆ ನೀನೇ ಅವಳ್ ಜೋಡಿ!"